ಹಾರುವ ಓತಿಯ ವಂಶವೃಕ್ಷ: ‘ಕರ್ವಾಲೊ’ ಕಾದಂಬರಿಯ ಒಂದು ಪರಿಶೀಲನೆ

1

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾದ ಕೃತಿ. ಮೂಡಿಗೆರೆಯ ಸುತ್ತಿನ ಮಲೆನಾಡು ಅದರ ಭೂಮಿ. ಹೊಲಗದ್ದೆಗಳ ತಾಪತ್ರಯದಲ್ಲಿ ಬೇಸತ್ತ ನಿರೂಪಕ, ಕೀಟಗಳನ್ನು ಹುಡುಕುತ್ತ ಕಾಡು ಸುತ್ತುವ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವುದರಲ್ಲಿ ನಿಪುಣನಾದ ಹಳ್ಳಿಯ ತರುಣ ಮಂದಣ್ಣ, ಮರ ಹತ್ತುವ ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ, ಕಿವಿ ಎಂಬ ನಾಯಿ ಇವರೆಲ್ಲರೂ ಕಡೆಗೆ ಒಂದು ಹಾರುವ ಓತಿಯನ್ನು ಅರಸಿಕೊಂಡು ಅರಣ್ಯದೊಳಕ್ಕೆ ಹೋಗುತ್ತಾರೆ. ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಕ್ಕುವುದಿಲ್ಲ. ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ. ಕಥೆಯ ಹಂದರ ಇಷ್ಟೇ. ಆದರೆ ಈ ಪುಸ್ತಕವನ್ನು ಒಮ್ಮೆ ಓದಿದವರು ಮರೆಯುವುದು ವಿರಳ.

ಈ ಕೃತಿಯ ವಿಷಯದಲ್ಲಿ ನಮ್ಮಲ್ಲಿ ಒಂದು ಬಗೆಯ ಓದು ರೂಢಿಗೆ ಬಂದಿದೆ. ಓತಿ ಒಂದು ಪ್ರತೀಕ. ಅದು ಮಾನವನ ಬುದ್ಧಿಗೆ ನಿಲುಕದ ಪರಮಸತ್ಯ. ಅದನ್ನು ಅರಸುವ ಯಾತ್ರೆ ಒಂದು ಸಾಧನೆ. ಅದರ ಕಣ್ಮರೆ ವಿಜ್ಞಾನದ ಸೀಮೆಯ ಸೂಚನೆ ಎಂದು ಈ ಓದು ಹೇಳುತ್ತದೆ. ಇದು ನಿರಾಧಾರವೆಂದು ಹೇಳಲಾಗದು. ಕಾದಂಬರಿಯ ಕೊನೆಯ ಪುಟಗಳಲ್ಲಿ ವಿಸ್ಮಯದ ಧ್ವನಿ ಸ್ಪಷ್ಟವಾಗಿಯೇ ಇದೆ. ಆದರೆ ಈ ಓದಿನಲ್ಲಿ ಒಂದು ನಷ್ಟವಿದೆ. ಓತಿ ಓತಿಯಾಗಿರುವುದು ತಪ್ಪಿಹೋಗುತ್ತದೆ. ಅದರ ಸ್ಥಾನದಲ್ಲಿ ಒಂದು ಬಿಳಿಯ ಜಿಂಕೆಯನ್ನೋ ಒಂದು ಅಪೂರ್ವ ಹೂವನ್ನೋ ಇಟ್ಟರೂ ಅರ್ಥ ಕೆಡದು ಎಂಬಂತಾಗುತ್ತದೆ. ಪ್ರಾಣಿಶಾಸ್ತ್ರವನ್ನು ಅಷ್ಟು ಪ್ರೀತಿಯಿಂದ ಓದಿದ್ದ ಲೇಖಕರೊಬ್ಬರು ಸಾವಿರಾರು ಜೀವಿಗಳ ನಡುವೆ ಇದೊಂದನ್ನೇ ಆರಿಸಿಕೊಂಡುದಕ್ಕೆ ಕಾರಣವಿರಲೇಬೇಕು. ಓತಿಯನ್ನು ಓತಿಯೆಂದೇ ಹಿಡಿದು, ಜೀವವಿಕಾಸದ ಕುರಿತು ಇಂದು ನಮಗಿರುವ ತಿಳಿವಳಿಕೆಯ ಬೆಳಕಿನಲ್ಲಿ ಕಾದಂಬರಿಯನ್ನು ಓದಿದರೆ ಅದು ಹಿಗ್ಗುವುದೇ ಕುಗ್ಗುವುದೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

2

ಕಾದಂಬರಿಯಲ್ಲಿ ಹಾರುವ ಓತಿ ಯುಗಯುಗಗಳ ಹಿಂದಿನಿಂದ ಉಳಿದುಬಂದ ಜೀವಿಯಾಗಿ, ವಿಕಾಸದ ಸರಪಳಿಯ ಒಂದು ಕೊಂಡಿಯಾಗಿ ತೋರಿಬರುತ್ತದೆ. ‘ಕೊಂಡಿ’ ಎಂಬ ಈ ಕಲ್ಪನೆ ತೇಜಸ್ವಿಯವರಿಗೆ ಪ್ರಿಯವಾದುದು. ಮಾನವನ ವಿಕಾಸವನ್ನು ಕುರಿತ ತಮ್ಮ ಪುಸ್ತಕವೊಂದಕ್ಕೆ ‘ಮಿಸ್ಸಿಂಗ್ ಲಿಂಕ್’ ಎಂದೇ ಅವರು ಹೆಸರಿಟ್ಟರು. ಸರಪಳಿಯ ರೂಪಕ ಹಳೆಯದು, ಆಕರ್ಷಕವಾದುದು. ಕೆಳಗೆ ಹುಳು, ಅದರ ಮೇಲೆ ಮೀನು, ಆಮೇಲೆ ಕಪ್ಪೆ, ಹಲ್ಲಿ, ಹಕ್ಕಿ, ಪಶು, ಎಲ್ಲಕ್ಕೂ ಮೇಲೆ ಮನುಷ್ಯ ಎಂಬ ಮೆಟ್ಟಿಲಿನ ಚಿತ್ರ ಅದರೊಡನೆ ತಾನಾಗಿಯೇ ಬರುತ್ತದೆ. ಹಾರುವ ಓತಿ ಎಂದೊಡನೆ ಹಲ್ಲಿಗೂ ಹಕ್ಕಿಗೂ ನಡುವಣ ಮೆಟ್ಟಿಲು ಎಂದು ಓದುಗನ ಮನಸ್ಸು ಭಾವಿಸಿಬಿಡುತ್ತದೆ.

ಡಾರ್ವಿನ್ನನು 1859ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಇರುವುದು ಒಂದೇ ಒಂದು ಚಿತ್ರ. ಅದು ಮೆಟ್ಟಿಲಲ್ಲ, ಸರಪಳಿಯೂ ಅಲ್ಲ. ಕವಲೊಡೆಯುತ್ತ ಸಾಗುವ ರೇಖೆಗಳ ಚಿತ್ರ. ಈ ಭೇದ ಅಲ್ಪವಾದುದಲ್ಲ. ಸರಪಳಿಯಲ್ಲಿ ಒಂದು ಕೊಂಡಿ ಇನ್ನೊಂದಕ್ಕೆ ಹಿಂದಿನದು ಅಥವಾ ಮುಂದಿನದು. ವೃಕ್ಷದಲ್ಲಿ ಇಂದು ಬದುಕಿರುವ ಜೀವಿಗಳೆಲ್ಲವೂ ಕೊಂಬೆಗಳ ತುದಿಗಳು. ಯಾವ ತುದಿಯೂ ಮತ್ತೊಂದು ತುದಿಯ ತಾಯಿಯಲ್ಲ. ಕೋತಿಯಿಂದ ಮನುಷ್ಯ ಹುಟ್ಟಿದನೆಂಬುದು ಸರಪಳಿಯ ಮಾತು. ಕೋತಿಗೂ ಮನುಷ್ಯನಿಗೂ ಬಹು ಹಿಂದೆ ಒಬ್ಬನೇ ಹಿರಿಯನಿದ್ದನೆಂಬುದು ವೃಕ್ಷದ ಮಾತು. ಮೊದಲನೆಯದರಲ್ಲಿ ಕೋತಿ ನಮ್ಮ ಪೂರ್ವಜ. ಎರಡನೆಯದರಲ್ಲಿ ನಮ್ಮ ದಾಯಾದಿ.

ಹಾಗಾದರೆ ಹಾರುವ ಓತಿ ಯಾರ ದಾಯಾದಿ? ಸಹ್ಯಾದ್ರಿಯ ಈ ಜೀವಿಗೆ ಶಾಸ್ತ್ರಜ್ಞರು ಡ್ರಾಕೊ ದುಸ್ಸುಮಿಯೆರಿ ಎಂದು 1837ರಲ್ಲಿ ಹೆಸರಿಟ್ಟರು. ಅದರ ಕುಟುಂಬ ಅಗಾಮಿಡೆ. ನಮ್ಮ ಬೇಲಿಗಳ ಮೇಲೆ ತಲೆ ಕುಣಿಸುತ್ತ ಕೂರುವ ಸಾಮಾನ್ಯ ಓತಿಕೇತನ ಕುಟುಂಬವೂ ಅದೇ. ಅದರ ರೆಕ್ಕೆ ನಿಜವಾಗಿ ರೆಕ್ಕೆಯಲ್ಲ. ಪಕ್ಕೆಲುಬುಗಳು ಉದ್ದವಾಗಿ ಹೊರಚಾಚಿ ಅವುಗಳ ಮೇಲೆ ಚರ್ಮ ಹರಡಿಕೊಂಡಿದೆ. ಕೊಡೆಯ ಕಡ್ಡಿಗಳಂತೆ ಅವನ್ನು ಬಿಚ್ಚಬಹುದು, ಮಡಿಸಬಹುದು. ಹಕ್ಕಿಯ ರೆಕ್ಕೆ ಅದರ ಮುಂಗಾಲು. ಬಾವಲಿಯ ರೆಕ್ಕೆ ಅದರ ಬೆರಳುಗಳ ನಡುವಣ ಚರ್ಮ. ಪುರಾತನ ಟೆರೊಸಾರ್‌ಗಳ ರೆಕ್ಕೆ ನೀಳವಾದ ಒಂದೇ ಬೆರಳಿನ ಆಸರೆಯದು. ಕೆಲಸ ಒಂದೇ, ಮೂಲ ಬೇರೆ. ಹಕ್ಕಿಗಳ ವಂಶ ಎರಡು ಕಾಲುಗಳ ಮೇಲೆ ಓಡುತ್ತಿದ್ದ ಡೈನೊಸಾರ್‌ಗಳ ಒಂದು ಕವಲಿನಿಂದ ಬಂತು. ಓತಿಯ ಮನೆತನದ ಮೂಲಕ ಬರಲಿಲ್ಲ. ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. 20 ಕೋಟಿ ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿದ್ದ ಕ್ಯೂನಿಯೊಸಾರಸ್ ಎಂಬ ಸರೀಸೃಪವೂ ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿ ತೇಲುತ್ತಿತ್ತೆಂದು ಅದರ ಪಳೆಯುಳಿಕೆಗಳಿಂದ ತಿಳಿಯುತ್ತದೆ. ಆದರೂ ಅದು ನಮ್ಮ ಓತಿಯ ಪೂರ್ವಜನಲ್ಲ. ಪ್ರಕೃತಿ ಒಂದೇ ಉಪಾಯವನ್ನು ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡಿದೆ.

ರೂಪಸಾಮ್ಯದಿಂದ ಬಾಂಧವ್ಯವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ನಮ್ಮ ಮನೆಬಾಗಿಲಲ್ಲೇ ನಿದರ್ಶನವಿದೆ. ವಾಶಿಯ ಸೇತುವೆಯ ಮೇಲೆ ದಿನವೂ ಓಡಾಡುವ ವಾಚಕರು ಚಳಿಗಾಲದಿಂದ ಬೇಸಗೆಯವರೆಗೆ ಠಾಣೆಯ ಖಾಡಿಯಲ್ಲಿ ರಾಜಹಂಸಗಳ ಗುಲಾಬಿ ಸಾಲುಗಳನ್ನು ಕಂಡಿರುತ್ತಾರೆ. ಆ ನೀಳ ಕಾಲು, ಬಳುಕುವ ಕೊರಳು ಕಂಡವರು ಅದು ಕೊಕ್ಕರೆಯ ಬಳಗವೆಂದೇ ಹೇಳುವರು. ಪಕ್ಷಿಶಾಸ್ತ್ರಜ್ಞರಲ್ಲಿಯೂ ಬಹುಕಾಲ ಹಲವರ ಎಣಿಕೆ ಹಾಗೆಯೇ ಇತ್ತು. ಆದರೆ ಈ ಶತಮಾನದ ಆರಂಭದಿಂದ ನಡೆದಿರುವ ಡಿ.ಎನ್.ಎ. ಪರೀಕ್ಷೆಗಳು ರಾಜಹಂಸದ ಅತಿ ಸಮೀಪದ ಬಂಧು ಗುಳುಮುಳುಕವೆಂದು ತೋರಿಸಿವೆ. ನಮ್ಮೂರ ಕೆರೆಗಳಲ್ಲಿ ಕ್ಷಣಕ್ಕೊಮ್ಮೆ ಮುಳುಗಿ ಏಳುವ ಆ ಗಿಡ್ಡ ಹಕ್ಕಿಗೂ ಈ ನೀಳಕಾಯದ ಅತಿಥಿಗೂ ಹೊರನೋಟದಲ್ಲಿ ಹೋಲಿಕೆಯೇ ಇಲ್ಲ. ಕುಲವನ್ನು ಬಲ್ಲುದು ಕಣ್ಣಲ್ಲ, ದಾಖಲೆ.

3

ದಾಖಲೆಯನ್ನು ಓದುವ ಬಗೆ ಹೇಗೆ? ಇದಕ್ಕೆ ಉತ್ತರ ಹುಡುಕುವಾಗ ಕನ್ನಡದ ಇನ್ನೊಬ್ಬ ಲೇಖಕರನ್ನು ನೆನೆಯದಿರಲಾಗದು. ಅವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಹೊರನಾಡಿನಲ್ಲಿಯೇ ಬಹುಕಾಲ ಕಳೆದವರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳೊಡನೆ ಗಿಡಮರಗಳನ್ನರಸಿ ಬೆಟ್ಟಕಾಡುಗಳಲ್ಲಿ ತಿರುಗಿದ ಆ ವಿನೋದಪೂರ್ಣ ವೃತ್ತಾಂತವನ್ನು ಓದಿ ನಕ್ಕವರು ಅನೇಕರು. ಅದೇ ಲೇಖಕರು ಹೂಬಿಡುವ ಸಸ್ಯಗಳ ವಂಶಮೂಲದ ಸಂಶೋಧನೆಯಲ್ಲಿ ಜಗತ್ತಿನ ವಿದ್ವಾಂಸರ ಸಾಲಿನಲ್ಲಿ ನಿಂತವರೆಂಬುದನ್ನು ತಿಳಿದವರು ಅಷ್ಟು ಮಂದಿಯಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡುತ್ತಿದ್ದಾಗ ಸ್ವಾಮಿಯವರು 1948ರಲ್ಲಿ ಆಂಬೊರೆಲ್ಲ ಎಂಬ ಪೊದೆಮರವನ್ನು ಕುರಿತು ಬೈಲಿಯವರೊಡಗೂಡಿ ಪ್ರಬಂಧವೊಂದನ್ನು ಪ್ರಕಟಿಸಿದರು. ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪವೊಂದನ್ನುಳಿದು ಬೇರೆಲ್ಲಿಯೂ ಅದು ಬೆಳೆಯದು. ಹೂಬಿಡುವ ಬಹುತೇಕ ಸಸ್ಯಗಳ ಮರದಲ್ಲಿ ನೀರು ಸಾಗಲು ಕೊಳವೆಗಳಂಥ ನಾಳಗಳಿರುತ್ತವೆ. ಆಂಬೊರೆಲ್ಲದ ಮರದಲ್ಲಿ ಅವಿಲ್ಲ. ತೆಳುವಾಗಿ ಕೊಯ್ದ ಮರದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಜೀವಕೋಶದಿಂದ ಜೀವಕೋಶಕ್ಕೆ ಸಾಗುತ್ತ, ಈ ಇಲ್ಲದಿರುವಿಕೆಯನ್ನು ಅವರು ಸ್ಥಾಪಿಸಿದರು. ನಾಳವಿಲ್ಲದಿರುವುದು ಪ್ರಾಚೀನತೆಯ ಕುರುಹೆಂಬುದು ಬೈಲಿಯವರ ಪಂಥದ ವಾದ. ಅರ್ಧ ಶತಮಾನ ಕಳೆದು 1999ರಲ್ಲಿ ಹಲವು ತಂಡಗಳು ಸಸ್ಯಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ, ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲು ಆಂಬೊರೆಲ್ಲವೆಂದು ಕಂಡುಬಂತು. ಅದರ ಸಮಗ್ರ ಜೀನೋಮು 2013ರಲ್ಲಿ ಪ್ರಕಟವಾಯಿತು.

ಈ ಕಥೆಯನ್ನು ಇಲ್ಲಿಗೇ ಮುಗಿಸಿದರೆ ಅದು ಗೆಲುವಿನ ಕಥೆಯಾಗುತ್ತದೆ; ಪೂರ್ಣಸತ್ಯವಾಗುವುದಿಲ್ಲ. ಸ್ವಾಮಿ ಮತ್ತು ಬೈಲಿಯವರು 1950ರಲ್ಲಿ ಸಾರ್ಕಾಂಡ್ರ ಎಂಬ ಇನ್ನೊಂದು ಕುಲವನ್ನೂ ನಾಳರಹಿತವೆಂದು ವರ್ಣಿಸಿದರು. ದಕ್ಷಿಣ ಭಾರತದ ಅದರ ಪ್ರಭೇದವೊಂದಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟರು. ಆದರೆ ಆ ಕುಲದಲ್ಲಿಯೂ ನಾಳಗಳಿವೆಯೆಂದು 1987ರಲ್ಲಿ ಇನ್ನೊಬ್ಬ ಸಸ್ಯಶಾಸ್ತ್ರಜ್ಞರು ತೋರಿಸಿದರು. ನಾಳಗಳಿಲ್ಲದ ಮರಗಳಲ್ಲಿ ಕೆಲವು, ಹಿಂದೆ ಇದ್ದುದನ್ನು ಕಾಲಾಂತರದಲ್ಲಿ ಕಳೆದುಕೊಂಡವೆಂಬುದು ಈಗ ಬಹುಮಂದಿ ವಿದ್ವಾಂಸರ ಮತ. ಎಂದರೆ, ಒಂದು ಲಕ್ಷಣ ಇಲ್ಲ ಎಂಬುದರಿಂದಲೇ ಪ್ರಾಚೀನತೆ ಸಿದ್ಧವಾಗದು. ಮನೆಯಲ್ಲಿ ಚಿನ್ನವಿಲ್ಲದಿರುವುದಕ್ಕೆ ಎಂದೂ ಗಳಿಸದಿದ್ದುದು ಕಾರಣವಾಗಿರಬಹುದು. ಗಳಿಸಿ ಕಳೆದುದೂ ಕಾರಣವಾಗಿರಬಹುದು.

ಈ ತೊಡಕನ್ನು ಬಿಡಿಸುವ ಸೂತ್ರವನ್ನು ಜರ್ಮನಿಯ ವಿಲ್ಲಿ ಹೆನ್ನಿಗ್ 1950ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದ. ಹಳೆಯ ಲಕ್ಷಣಗಳನ್ನು ಇಬ್ಬರೂ ಉಳಿಸಿಕೊಂಡಿದ್ದಾರೆಂಬುದರಿಂದ ಅವರು ಹತ್ತಿರದ ಬಂಧುಗಳಾಗುವುದಿಲ್ಲ. ಹೊಸದಾಗಿ ಮೂಡಿದ ಮಾರ್ಪಾಟೊಂದನ್ನು ಇಬ್ಬರೂ ಹಂಚಿಕೊಂಡಿದ್ದರೆ ಮಾತ್ರ ಅದು ಬಾಂಧವ್ಯದ ಸಾಕ್ಷಿ. ನಮ್ಮ ಗ್ರಂಥಸಂಪಾದಕರಿಗೆ ಈ ನ್ಯಾಯ ಅಪರಿಚಿತವಲ್ಲ. ಒಂದು ಕಾವ್ಯದ ಹತ್ತು ಓಲೆಪ್ರತಿಗಳಲ್ಲಿ ಶುದ್ಧಪಾಠ ಸಮಾನವಾಗಿದ್ದರೆ ಅದರಿಂದ ಪ್ರತಿಗಳ ಸಂಬಂಧ ತಿಳಿಯದು. ಶುದ್ಧಪಾಠ ಎಲ್ಲರ ಆಸ್ತಿ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ದೋಷ ಒಂದೇ ಎಡೆಯಲ್ಲಿ ಕಂಡರೆ ಮಾತ್ರ ಅವೆರಡೂ ಒಂದೇ ಮಾತೃಕೆಯಿಂದ ಇಳಿದುವೆಂದು ಹೇಳಬಹುದು. ಬ್ಯಾಂಕಿನ ಲೆಕ್ಕ ತಪಾಸಣೆಯಲ್ಲಿಯೂ ಹೀಗೆಯೇ: ಎರಡು ಪುಸ್ತಕಗಳಲ್ಲಿ ಸರಿಯಾದ ಮೊತ್ತ ಒಂದೇ ಆಗಿದ್ದರೆ ಆಶ್ಚರ್ಯವಿಲ್ಲ, ತಪ್ಪು ಮೊತ್ತ ಒಂದೇ ಆಗಿದ್ದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆಂದು ತಿಳಿಯಬೇಕು. ಜೀವಕೋಶದೊಳಗಿನ ಡಿ.ಎನ್.ಎ. ಕೋಟ್ಯಂತರ ಸಲ ಪ್ರತಿಯಾಗುತ್ತ ಬಂದ ಗ್ರಂಥ. ಅದರಲ್ಲಿ ನುಸುಳಿದ ಪಾಠಾಂತರಗಳೇ ವಂಶದ ದಾಖಲೆ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಆಂಬೊರೆಲ್ಲ ಮೊದಲು ಕವಲಾಯಿತೆಂದ ಮಾತ್ರಕ್ಕೆ ಅದು ಮಲ್ಲಿಗೆಯ, ಮಾವಿನ ತಾಯಿಯಲ್ಲ. ಕವಲಾದ ಮೇಲೆ ಮಾವಿನ ವಂಶಕ್ಕೆ ಎಷ್ಟು ವರ್ಷ ಕಳೆಯಿತೋ ಆಂಬೊರೆಲ್ಲದ ವಂಶಕ್ಕೂ ಅಷ್ಟೇ ವರ್ಷ ಕಳೆದಿದೆ. ಅದೂ ದಾಯಾದಿಯೇ. ‘ಜೀವಂತ ಪಳೆಯುಳಿಕೆ’ ಎಂಬ ಮಾತು ಕಿವಿಗೆ ಇಂಪಾದರೂ ಅರ್ಥದಲ್ಲಿ ಸಡಿಲ.

4

ಕವಲೊಡೆಯುವುದೆಂತು ಎಂಬ ಪ್ರಶ್ನೆ ಉಳಿಯುತ್ತದೆ. ಎರ್ನ್‌ಸ್ಟ್ ಮೇಯರ್ 1942ರ ತನ್ನ ಗ್ರಂಥದಲ್ಲಿ ಒತ್ತಿ ಹೇಳಿದ ಕಾರಣ ಭೌಗೋಲಿಕವಾದ ಅಗಲಿಕೆ. ಒಂದೇ ಪ್ರಭೇದದ ಎರಡು ಗುಂಪುಗಳ ನಡುವೆ ನದಿಯೋ ಕಣಿವೆಯೋ ಸಮುದ್ರವೋ ಬಂದು, ಕೊಳುಕೊಡೆ ನಿಂತುಹೋದರೆ, ಎರಡರಲ್ಲಿಯೂ ಬೇರೆ ಬೇರೆ ಮಾರ್ಪಾಟುಗಳು ಕೂಡುತ್ತ ಹೋಗುತ್ತವೆ. ಸಾಕಷ್ಟು ಕಾಲ ಸಂದಮೇಲೆ ಅವು ಮತ್ತೆ ಸೇರಿದರೂ ಸಂತಾನ ನಡೆಯದು. ಆಗ ಒಂದು ಎರಡಾಯಿತೆಂದು ಅರ್ಥ. ಅಗಲದೆಯೂ ಕವಲಾಗುವ ಬಗೆಗಳುಂಟು. ಸಸ್ಯಗಳಲ್ಲಿ ವರ್ಣತಂತುಗಳು ಇಮ್ಮಡಿಯಾಗಿ ಹೊಸ ಪ್ರಭೇದ ಬೇಗನೆ ಹುಟ್ಟುವುದೂ ಉಂಟು. ಆದರೆ ಪ್ರಾಣಿಗಳಲ್ಲಿ ಹೆಚ್ಚಾಗಿ ಕಾಣುವುದು ಅಗಲಿಕೆಯ ಮಾರ್ಗ.

ಕರ್ವಾಲೊ ಅಲೆದ ಸಹ್ಯಾದ್ರಿಯೇ ಇದಕ್ಕೆ ಶ್ರೇಷ್ಠ ಪಾಠಶಾಲೆ. ನೀಲಗಿರಿಗೂ ಆನೆಮಲೆಗೂ ನಡುವೆ ಪಾಲಕ್ಕಾಡಿನ ಕಣಿವೆ ಸುಮಾರು 30ರಿಂದ 40 ಕಿಲೋಮೀಟರು ಅಗಲ ಬಾಯ್ದೆರೆದಿದೆ. ಎತ್ತರದ ಶೋಲಾ ಕಾಡುಗಳಲ್ಲಿ ಮಾತ್ರ ಬಾಳುವ ಪುಟ್ಟ ಹಕ್ಕಿಗಳಿಗೆ ಆ ಬಿಸಿಲ ಬಯಲು ಸಾಗರಕ್ಕೆ ಸಮಾನ. ಬೆಟ್ಟದ ನೆತ್ತಿಗಳು ದ್ವೀಪಗಳಿಗೆ ಸಮಾನ. ನೀಲಗಿರಿಯ ನೀಲಿ ಶೋಲಾ ಹಕ್ಕಿಗೂ ಕಣಿವೆಯ ತೆಂಕಣ ಅದರ ಬಂಧುವಿಗೂ ಇಂದು ಬೇರೆ ಬೇರೆ ಪ್ರಭೇದಗಳ ಸ್ಥಾನವಿದೆ. 2017ರಲ್ಲಿ ವಿ.ವಿ. ರಾಬಿನ್ ಮತ್ತು ಅವರ ಸಂಗಡಿಗರು ಇವುಗಳ ಡಿ.ಎನ್.ಎ. ಪರೀಕ್ಷಿಸಿ, ಇವು ಹಿಂದೆ ಎಣಿಸಿದ್ದ ಬಳಗಗಳಿಗೇ ಸೇರಿದುವಲ್ಲವೆಂದು ಕಂಡು, ಶೋಲಿಕೋಲ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು.

ಹಾರುವ ಓತಿಯ ಕುಲವೂ ಇದೇ ನ್ಯಾಯವನ್ನು ಹೇಳುತ್ತದೆ. ಡ್ರಾಕೊ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಮಲಯ, ಬೋರ್ನಿಯೊ, ಸುಲಾವೆಸಿ, ಫಿಲಿಪೀನ್ಸ್‌ಗಳ ಕಡೆ ಇವೆ. ದ್ವೀಪಗಳ ನಡುವಣ ನೀರು ಅಲ್ಲಿ ಕವಲುಗಳನ್ನು ಹೆಚ್ಚಿಸಿದೆ. ದಕ್ಷಿಣ ಭಾರತದಲ್ಲಿರುವುದು ಒಂದೇ ಪ್ರಭೇದ. ಈಶಾನ್ಯ ಭಾರತದಿಂದ ಆಚೆಗೆ ಹರಡಿರುವ ಬಳಗದಿಂದ ಇದೊಂದು ಬೇರ್ಪಟ್ಟು ಪಶ್ಚಿಮಘಟ್ಟದಲ್ಲಿ ಒಂಟಿಯಾಗಿ ನಿಂತಿರುವುದು ಹೇಗೆ? ಮಲಯದ ಜೀವಿಗಳಿಗೆ ಬಂಧುಗಳಾದವು ಸಹ್ಯಾದ್ರಿಯಲ್ಲಿ ದೊರೆಯುವ ಇಂಥ ಸಮಸ್ಯೆಗೆ ಸುಂದರ್‌ಲಾಲ್ ಹೋರಾ 1949ರಲ್ಲಿ ಒಂದು ಊಹೆ ಮಂಡಿಸಿದರು: ಒಂದು ಕಾಲದಲ್ಲಿ ತೇವದ ಕಾಡುಗಳಿಂದ ಕೂಡಿದ್ದ ಸಾತಪುಡಾ ಬೆಟ್ಟಗಳ ಸಾಲೇ ಪೂರ್ವದಿಂದ ಪಶ್ಚಿಮಕ್ಕೆ ದಾರಿಯಾಗಿತ್ತು ಎಂದು. ಈ ಊಹೆಯನ್ನು ಅನೇಕರು ಪ್ರಶ್ನಿಸಿದ್ದಾರೆ. ಪ್ರಶ್ನೆ ಮಾತ್ರ ಜೀವಂತವಾಗಿದೆ.

5

ಇಷ್ಟು ತಿಳಿದ ಮೇಲೆ ಕಾದಂಬರಿಗೆ ಮರಳೋಣ. ಶಾಸ್ತ್ರದ ಅಳತೆಗೋಲಿನಿಂದ ನೋಡಿದರೆ ಕಾದಂಬರಿಯ ಓತಿಗೂ ನಿಜವಾದ ಓತಿಗೂ ಅಂತರವುಂಟು. ಅದು ಹಕ್ಕಿಗೂ ಹಲ್ಲಿಗೂ ನಡುವಣ ಕೊಂಡಿಯಲ್ಲ. ಕಾದಂಬರಿ ಸೂಚಿಸುವಷ್ಟು ದುರ್ಲಭವೂ ಅಲ್ಲ. ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ಕಡೆಯಿಂದ ಬಂದ ಹಲವು ವಾಚಕರು ಊರಿನ ಅಡಕೆ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಅದು ತೇಲಿದುದನ್ನು ಕಂಡೇ ಇರಬಹುದು. ಕೃತಿಯ ವಿಸ್ಮಯವನ್ನು ಪ್ರಾಚೀನತೆ ಮತ್ತು ಅಪರೂಪ ಎಂಬ ಎರಡು ಕಂಬಗಳ ಮೇಲೆ ನಿಲ್ಲಿಸಿರುವಲ್ಲಿ ಲೇಖಕರು ಸರಪಳಿಯ ಕಲ್ಪನೆಗೆ ಹೆಚ್ಚು ಸಾಲ ಬಿದ್ದಿದ್ದಾರೆಂದೇ ಹೇಳಬೇಕು. ಕಾದಂಬರಿ ಶಾಸ್ತ್ರಗ್ರಂಥವಲ್ಲವೆಂದು ಈ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ವಿಜ್ಞಾನವನ್ನೇ ವಸ್ತುವಾಗಿ ಮಾಡಿಕೊಂಡ ಕೃತಿಗೆ ಆ ರಿಯಾಯಿತಿ ಕೊಡುವುದು ಗೌರವವಲ್ಲ.

ಆಶ್ಚರ್ಯವೆಂದರೆ, ಕೃತಿಯಲ್ಲಿ ಬರುವ ಮಾತು ಸರಪಳಿಯದಾದರೂ ಕೃತಿಯ ಕಟ್ಟಡ ವೃಕ್ಷದ್ದು. ಮಂದಣ್ಣನ ಪಾತ್ರವನ್ನೇ ನೋಡಬಹುದು. ಮೆಟ್ಟಿಲಿನ ಲೆಕ್ಕದಲ್ಲಿ ಅವನ ಸ್ಥಾನ ಕೆಳಗೆ: ಓದಿಲ್ಲ, ಆಸ್ತಿಯಿಲ್ಲ, ಕಳ್ಳಭಟ್ಟಿಯ ಪ್ರಕರಣದಲ್ಲಿ ಪೋಲೀಸರ ಕೈಗೆ ಸಿಕ್ಕವನು. ಊರಿನವರ ಲೆಕ್ಕವೂ ಅದೇ. ಇಂಥವನೊಡನೆ ದೊಡ್ಡ ವಿಜ್ಞಾನಿಗೆ ಏನು ಕೆಲಸವೆಂದು ಅವರಿಗೆ ಬೆರಗು. ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುತ್ತಾರೆ. ಒಂದು ಹುಳುವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಕಣ್ಣು ಅವನಿಗಿದೆ. ಪ್ರಭೇದವನ್ನು ಗುರುತಿಸುವ ಶಾಸ್ತ್ರವೆಲ್ಲ ಆ ಕಣ್ಣಿನಿಂದಲೇ ಮೊದಲಾಗುವುದು. ಕಾದಂಬರಿಯ ಹೊರಗೂ ಇದಕ್ಕೆ ಸಾಕ್ಷಿಯಿದೆ. ಕೇರಳದ ಇಡುಕ್ಕಿಯ ನೇರಳೆ ಕಪ್ಪೆಗೆ ಶಾಸ್ತ್ರೀಯ ನಾಮಕರಣವಾದುದು 2003ರಲ್ಲಿ. ಅದರ ಗೊದಮೊಟ್ಟೆಯ ವರ್ಣನೆ 1918ರಷ್ಟು ಹಿಂದೆಯೇ ಬಂದಿತ್ತು. ಅಲ್ಲಿನ ಕಾಡುವಾಸಿಗಳಿಗಂತೂ ಅದು ಮೊದಲಿನಿಂದಲೂ ಗೊತ್ತಿತ್ತು. ಅದರ ಅತಿ ಸಮೀಪದ ಬಂಧುಗಳಿರುವುದು ಹಿಂದೂ ಮಹಾಸಾಗರದಾಚೆಯ ಸೆಶೆಲ್ಸ್ ದ್ವೀಪಗಳಲ್ಲಿ. ಆ ಬಾಂಧವ್ಯವನ್ನು ಕಂಡುಹಿಡಿಯಲು ಪ್ರಯೋಗಶಾಲೆ ಬೇಕಾಯಿತು. ಕಪ್ಪೆಯನ್ನು ಕಾಣಲು ಮಂದಣ್ಣನ ಕಣ್ಣು ಸಾಕಾಗಿತ್ತು. ಮಂದಣ್ಣ, ಕರ್ವಾಲೊ ಒಬ್ಬರಿಗಿಂತ ಒಬ್ಬರು ಮೇಲಿನ ಮೆಟ್ಟಿಲಿನವರಲ್ಲ. ಒಂದೇ ಕುತೂಹಲದ ಎರಡು ಕವಲುಗಳು. ಕರಿಯಪ್ಪನೂ ನಿರೂಪಕನೂ ಕಿವಿಯೂ ಆ ಹುಡುಕಾಟದಲ್ಲಿ ಜೊತೆಯಾಗಿರುವುದರ ಅರ್ಥ ಇಲ್ಲಿದೆ.

ಕೊನೆಯ ದೃಶ್ಯವೂ ಈ ಓದಿನಲ್ಲಿ ಬೇರೆ ಬಣ್ಣ ತಾಳುತ್ತದೆ. ಓತಿ ನಮ್ಮ ಭೂತಕಾಲವಾಗಿದ್ದರೆ ಅದರ ಕಣ್ಮರೆ ಭೂತಕಾಲದ ನಷ್ಟ. ಅದು ಪರಮಸತ್ಯವಾಗಿದ್ದರೆ ಜ್ಞಾನದ ಸೋಲು. ಅದು ನಮ್ಮ ದಾಯಾದಿಯೆಂದು ತಿಳಿದಾಗ, ನಮ್ಮಷ್ಟೇ ದೀರ್ಘವಾದ ದಾರಿ ಸವೆಸಿ ತನ್ನ ಕಾಲದಲ್ಲಿ ತನ್ನ ಕೆಲಸಕ್ಕೆ ಹೊರಟ ಇನ್ನೊಂದು ಜೀವ ಅದೆಂದು ಕಾಣುತ್ತದೆ. ಅದು ನಮಗಾಗಿ ಕಾದು ಕುಳಿತಿರಲಿಲ್ಲ. ನಮ್ಮನ್ನು ವಂಚಿಸಲೂ ಇಲ್ಲ. ಅದರ ಪಾಡಿಗೆ ಅದು ತೇಲಿಹೋಯಿತು. ಇದರಲ್ಲಿ ರಹಸ್ಯವಾದಕ್ಕಿಂತ ಹಿರಿದಾದ ವಿನಯವಿದೆಯೆಂದು ನನ್ನ ನಂಬಿಕೆ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಓದಿನಲ್ಲಿ ವಿಶೇಷವಾದ ಒಂದು ಲಾಭವೂ ಇದೆ. ಊರಿನಲ್ಲಿ ಉಳಿದುದೇ ಮೂಲ, ಹೊರಟುಬಂದುದು ಬರಿಯ ಟಿಸಿಲು ಎಂಬ ಭಾವನೆ ನಮ್ಮಲ್ಲಿಯೂ ಊರಿನವರಲ್ಲಿಯೂ ಬೇರೂರಿದೆ. ವಾಶಿಯ ಮನೆಗಳಲ್ಲಿ ಮರಾಠಿಯ ಮಾತು ಬೆರೆತ ಕನ್ನಡವನ್ನು ಕಿರಿಯರು ಆಡಿದಾಗ ನಾವು ಕೀಳರಿಮೆಯಿಂದ ತಲೆತಗ್ಗಿಸುತ್ತೇವೆ. ಭಾಷೆ ಜೀವಿಯಲ್ಲ, ಅಗಲಿದ ನುಡಿಗಳು ಮತ್ತೆ ಕೂಡಬಲ್ಲವು, ಕೊಂಡುಕೊಡಬಲ್ಲವು. ಆದುದರಿಂದ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಇಷ್ಟು ನಿಜ: ಕವಲೊಡೆದ ಮೇಲೆ ಎರಡು ಕೊಂಬೆಗಳಿಗೂ ವಯಸ್ಸು ಒಂದೇ. ಇಲ್ಲಿನ ಕನ್ನಡ ಬದಲಾದಂತೆಯೇ ಅಲ್ಲಿನ ಕನ್ನಡವೂ ಬದಲಾಗಿದೆ. ಮದರಾಸಿನಲ್ಲಿದ್ದ ಸ್ವಾಮಿಯವರ ಗದ್ಯವೂ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ ಗದ್ಯವೂ ಒಂದರಂತೆ ಒಂದಿಲ್ಲ. ಯಾವುದು ಕಾಂಡ, ಯಾವುದು ಕವಲು ಎಂದು ಕೇಳುವುದು ಅರ್ಥಹೀನ.

‘ಕರ್ವಾಲೊ’ ನಮ್ಮ ಭಾಷೆಗೆ ತಂದುಕೊಟ್ಟ ಸಂಪತ್ತು ಹಾರುವ ಓತಿಯ ಪ್ರತೀಕವಲ್ಲ. ಒಂದು ಓತಿಯನ್ನು ನಿಂತು ನೋಡುವ ಅಭ್ಯಾಸ. ಅದರಲ್ಲಿನ ಸರಪಳಿಯ ಮಾತನ್ನು ವೃಕ್ಷದ ಮಾತಾಗಿ ತಿದ್ದಿಕೊಂಡು ಓದುವುದರಿಂದ ಕೃತಿಗೆ ಹಾನಿಯಿಲ್ಲ. ‘ಹಸುರು ಹೊನ್ನ’ನ್ನು ಅದರ ಪಕ್ಕದಲ್ಲಿಟ್ಟು ಓದಿದರೆ, ಕಣ್ಣರಳಿಸಿ ನೋಡುವುದನ್ನೂ ಕೂಡಿಸಿ ಕಳೆದು ತಾಳೆ ನೋಡುವುದನ್ನೂ ಕನ್ನಡ ಒಟ್ಟಿಗೆ ಕಲಿತ ಕಾಲ ಒಂದಿತ್ತೆಂದು ಮನವರಿಕೆಯಾಗುತ್ತದೆ. ನಮ್ಮ ವಿಮರ್ಶೆಯೂ ಇವೆರಡನ್ನು ಒಟ್ಟಿಗೆ ಕಲಿಯಬೇಕಾದ ಕಾಲ ಇದು.